ಹಿಂಬದಿ ಆಕ್ಸಲ್: ಬೆಂಗಳೂರಿನ ಹಳೆಯ ಕಾರುಗಳಲ್ಲಿ

ಹಿಂಬದಿ ಆಕ್ಸಲ್ ಎಂಬುದು ಹಿಂದಿನ ಚಕ್ರಗಳ ಬಲದಿಂದ ಓಡುವ ಕಾರಿನಲ್ಲಿ ಗೇರ್ ಬಾಕ್ಸಿನಿಂದ ಹಿಂದಕ್ಕೆ ಬರುವ ಪ್ರೊಪೆಲ್ಲರ್ ಶಾಫ್ಟಿನ ತಿರುಗುಬಲವನ್ನು ಎರಡು ಚಕ್ರಗಳಿಗೆ ಹಂಚುವ, ಜೊತೆಗೆ ಕಾರಿನ ಹಿಂಭಾಗದ ಭಾರವನ್ನೂ ಹೊರುವ ಜೋಡಣೆ. ಎಂಜಿನ್ ಬಲ ಹೆಚ್ಚಿಸಿದ ಕಾರಿಗೆ ಗಟ್ಟಿಯಾದ ಆಕ್ಸಲ್ ಆರಿಸುವ ಪದ್ಧತಿ ವ್ಯಾಪಕವಾಗಿ ಬೆಳೆದದ್ದು ಅಮೆರಿಕದ ಮಸಲ್ ಕಾರುಗಳೊಂದಿಗೆ. ಬೆಂಗಳೂರಿನಲ್ಲಿ ಅದೇ ವಿದ್ಯೆ ಚಾಮರಾಜಪೇಟೆ, ಬಸವನಗುಡಿಗಳ ಮಗ್ಗುಲಲ್ಲಿರುವ ಜೆ.ಸಿ. ರಸ್ತೆ ಮತ್ತು ಕಲಾಸಿಪಾಳ್ಯದ ಬಿಡಿಭಾಗಗಳ ಪೇಟೆಯ ಆಸರೆಯಲ್ಲಿ, ಅಂಬಾಸಿಡರ್, ಜೀಪು, ಕಾಂಟೆಸಾಗಳ ದುರಸ್ತಿಯಿಂದ ಬೆಳೆಯಿತು. ಅಮೆರಿಕದಲ್ಲಿ ಕ್ಯಾಟಲಾಗ್ ನೋಡಿ ಆರಿಸುತ್ತಿದ್ದರು. ಇಲ್ಲಿ ಸಿಕ್ಕಿದ್ದನ್ನು ಅಳೆದು ಹೊಂದಿಸುವುದೇ ಆಯ್ಕೆಯಾಯಿತು.

ರಚನೆ

ಪ್ರೊಪೆಲ್ಲರ್ ಶಾಫ್ಟಿನ ತುದಿಯಲ್ಲಿ ಚಿಕ್ಕ ಪಿನಿಯನ್, ಅದಕ್ಕೆ ಅಡ್ಡಲಾಗಿ ದೊಡ್ಡ ಕ್ರೌನ್ ಚಕ್ರ. ಕ್ರೌನಿನ ಹಲ್ಲುಗಳನ್ನು ಪಿನಿಯನ್ನಿನ ಹಲ್ಲುಗಳಿಂದ ಭಾಗಿಸಿದರೆ ಬರುವುದು ಆಕ್ಸಲಿನ ಅನುಪಾತ: 39 ಮತ್ತು 8 ಹಲ್ಲುಗಳಿದ್ದರೆ 4.875. ಕ್ರೌನಿಗೆ ಅಂಟಿಕೊಂಡ ಡಿಫರೆನ್ಶಿಯಲ್, ತಿರುವಿನಲ್ಲಿ ಹೊರಚಕ್ರ ಒಳಚಕ್ರಕ್ಕಿಂತ ವೇಗವಾಗಿ ಸುತ್ತಲು ಬಿಡುತ್ತದೆ. ಇವೆಲ್ಲ ಕೂತಿರುವ ಉಕ್ಕಿನ ಕವಚಕ್ಕೆ ಗ್ಯಾರೇಜುಗಳಲ್ಲಿ ಹೌಸಿಂಗ್ ಎನ್ನುತ್ತಾರೆ. ಅರೆ ತೇಲು ಆಕ್ಸಲಿನಲ್ಲಿ ಶಾಫ್ಟು ತಿರುಗುವುದರ ಜೊತೆಗೆ ಕಾರಿನ ಭಾರವನ್ನೂ ಹೊರುತ್ತದೆ. ಲಾರಿಗಳಲ್ಲಿರುವ ಪೂರ್ಣ ತೇಲು ಆಕ್ಸಲಿನಲ್ಲಿ ಭಾರವೆಲ್ಲ ಹೌಸಿಂಗಿನ ಮೇಲೆ ಬೀಳುತ್ತದೆ. ಶಾಫ್ಟು ತಿರುಗಿಸುವ ಕೆಲಸ ಮಾತ್ರ ಮಾಡುತ್ತದೆ, ಮುರಿದರೂ ಚಕ್ರ ಜಾಗ ಬಿಡುವುದಿಲ್ಲ.

ಆರಂಭ

ಡಿಫರೆನ್ಶಿಯಲ್‌ಗೆ ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ 1820ರ ದಶಕದ ಕೊನೆಯಲ್ಲಿ ಪೇಟೆಂಟ್ ಪಡೆದರು. ಅದು ಉಗಿ ಬಂಡಿಗಳ ಕಾಲ. ಮುಂದಿನ ದೊಡ್ಡ ಬದಲಾವಣೆ ಹೈಪಾಯ್ಡ್ ಗೇರು. ಇದರಲ್ಲಿ ಪಿನಿಯನ್ ಕ್ರೌನಿನ ಮಧ್ಯರೇಖೆಗಿಂತ ಕೆಳಗೆ ಕೂರುತ್ತದೆ. ಅಮೆರಿಕದ ಗ್ಲೀಸನ್ ಸಂಸ್ಥೆ ರೂಪಿಸಿದ ಈ ಗೇರನ್ನು ಪ್ಯಾಕರ್ಡ್ ಕಂಪನಿ 1926ರ ಸುಮಾರಿಗೆ ಕಾರಿನಲ್ಲಿ ಅಳವಡಿಸಿತು. ಪ್ರೊಪೆಲ್ಲರ್ ಶಾಫ್ಟು ಕೆಳಗಿಳಿಯಿತು, ಕಾರಿನ ನೆಲವೂ ತಗ್ಗಿತು, ಹಲ್ಲುಗಳ ಹಿಡಿತ ಹೆಚ್ಚಿತು. ಆದರೆ ಹಲ್ಲುಗಳು ಒಂದರ ಮೇಲೊಂದು ಜಾರುವುದರಿಂದ ವಿಶೇಷ ಗೇರ್ ಆಯಿಲ್ ಅನಿವಾರ್ಯವಾಯಿತು.

ಅಮೆರಿಕದ ಮಸಲ್ ಕಾರುಗಳು

1964ರ ಪಾಂಟಿಯಾಕ್ ಜಿಟಿಒದಿಂದ ಸುಮಾರು 1970ರ ದಶಕದ ಆರಂಭದವರೆಗೆ ಮಧ್ಯಮ ಗಾತ್ರದ ಕಾರಿಗೆ ದೊಡ್ಡ ವಿ8 ಎಂಜಿನ್ ಕೂರಿಸುವ ಪೈಪೋಟಿ ನಡೆಯಿತು. ಆ ಬಲಕ್ಕೆ ಮೊದಲು ಸೋಲುತ್ತಿದ್ದ ಭಾಗಗಳಲ್ಲಿ ಆಕ್ಸಲ್ ಒಂದು. 1957ರಲ್ಲಿ ಬಂದ ಫೋರ್ಡ್ 9 ಇಂಚಿನ ಆಕ್ಸಲಿನಲ್ಲಿ ಕ್ರೌನಿನ ವ್ಯಾಸ 9 ಇಂಚು, ಅಂದರೆ 228.6 ಮಿ.ಮೀ. ಅದರ ಪಿನಿಯನ್ನಿಗೆ ಹಿಂಬದಿಯಲ್ಲಿ ಮೂರನೆಯ ಬೇರಿಂಗಿನ ಆಸರೆಯಿದೆ, ಇಡೀ ಗೇರು ಜೋಡಣೆಯನ್ನು ಮುಂದಿನಿಂದ ಬಿಚ್ಚಿ ಮೇಜಿನ ಮೇಲಿಟ್ಟು ಕೆಲಸ ಮಾಡಬಹುದು. ಪಿನಿಯನ್ ಬಹಳ ಕೆಳಗಿರುವ ಕಾರಣ ಘರ್ಷಣೆಯಲ್ಲಿ ಕೊಂಚ ಹೆಚ್ಚು ಬಲ ನಷ್ಟವಾಗುತ್ತದೆ. ಗಟ್ಟಿತನಕ್ಕಾಗಿ ಜನ ಅದನ್ನು ಒಪ್ಪಿಕೊಂಡರು. ಜನರಲ್ ಮೋಟಾರ್ಸಿನ ಆಕ್ಸಲುಗಳನ್ನು ಮುಚ್ಚಳದ ಬೋಲ್ಟು ಎಣಿಸಿ 10 ಬೋಲ್ಟಿನದು, 12 ಬೋಲ್ಟಿನದು ಎಂದು ಗುರುತಿಸುತ್ತಿದ್ದರು. ಕ್ರೈಸ್ಲರ್ ತನ್ನ ಹೆಮಿ ಎಂಜಿನ್ನಿನ ನಾಲ್ಕು ಗೇರಿನ ಕಾರುಗಳಿಗೆ 9.75 ಇಂಚಿನ ಕ್ರೌನುಳ್ಳ ಡಾನಾ 60 ಕೊಟ್ಟಿತು.

ಭಾರತದಲ್ಲಿ

ದೇಶದಲ್ಲೇ ಕಾರು ಕಾರ್ಖಾನೆ ಕಟ್ಟುವ ಯೋಜನೆಗಾಗಿ ಸರ್ ಎಂ. ವಿಶ್ವೇಶ್ವರಯ್ಯ 1930ರ ದಶಕದಲ್ಲಿ ಯುರೋಪ್, ಅಮೆರಿಕಗಳನ್ನು ಸುತ್ತಿಬಂದರು. ಬ್ರಿಟಿಷ್ ಸರ್ಕಾರದ ಬೆಂಬಲ ಸಿಗಲಿಲ್ಲ. ಸ್ವಾತಂತ್ರ್ಯಾನಂತರ, 1953ರ ಸುಂಕ ಆಯೋಗದ ಶಿಫಾರಸಿನ ಮೇಲೆ, ಬಿಡಿಭಾಗ ತರಿಸಿ ಜೋಡಿಸುವುದಷ್ಟೇ ಮಾಡುತ್ತಿದ್ದ ವಿದೇಶಿ ಕಂಪನಿಗಳು ಹಿಂದೆ ಸರಿದವು. ಮುಂದೆ ದೀರ್ಘಕಾಲ 1950ಕ್ಕಿಂತ ಮೊದಲು ತಯಾರಾದ ಹಳೆಯ ಕಾರುಗಳ ಆಮದಿಗಷ್ಟೇ ಅವಕಾಶವಿದ್ದುದರಿಂದ 1960ರ ದಶಕದ ಅಮೆರಿಕನ್ ಕಾರುಗಳು ಇಲ್ಲಿ ಅಪರೂಪವಾಗಿಯೇ ಉಳಿದವು.

ಇಲ್ಲಿನ ಮೆಕ್ಯಾನಿಕ್ಕುಗಳ ಕೈಗೆ ಬಂದದ್ದು ಬೇರೆ ಆಕ್ಸಲುಗಳು. 1950ರ ದಶಕದ ಕೊನೆಯಲ್ಲಿ ಬಂದು 2014ರವರೆಗೆ ತಯಾರಾದ ಅಂಬಾಸಿಡರ್, ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಶ್ರೇಣಿಯ ಕಾರಿನಿಂದ ಹುಟ್ಟಿದ್ದು. ಅದರ ಬ್ಯಾಂಜೊ ಮಾದರಿಯ ಹೌಸಿಂಗಿನಿಂದಲೂ ಫೋರ್ಡಿನಂತೆ ಗೇರು ಜೋಡಣೆಯನ್ನು ಮುಂದಿನಿಂದ ಎಳೆದು ತೆಗೆಯಬಹುದು. ಮಹೀಂದ್ರ ತಯಾರಿಸಿದ ವಿಲ್ಲೀಸ್ ಜೀಪಿನ ಆಕ್ಸಲ್ ಅದಕ್ಕಿಂತ ಗಟ್ಟಿ. ಆದರೆ ಅದರ ಗೇರುಗಳನ್ನು ಹಿಂದಿನ ಮುಚ್ಚಳ ತೆಗೆದು ಹೌಸಿಂಗಿನೊಳಗೇ ಹೊಂದಿಸಬೇಕು. ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ 1961ರಲ್ಲಿ ಎರಡು ಕಡೆಯೂ ಬೇರೆಬೇರೆಯಾಗಿ ಮೇಲೆ ಕೆಳಗೆ ಆಡುವ ಸ್ವಿಂಗ್ ಆಕ್ಸಲಿನೊಂದಿಗೆ ಬಂತು. ಇಲ್ಲಿನ ಮೆಕ್ಯಾನಿಕ್ಕುಗಳಿಗೆ ಅದು ಒಗ್ಗಲಿಲ್ಲ. 1972ರಲ್ಲಿ ಅದರ ಜಾಗಕ್ಕೆ ಬಂದ ಗೆಜೆಲ್ ಕಾರಿಗೆ ಕಂಪನಿ ಸಾಂಪ್ರದಾಯಿಕವಾದ, ಒಂದೇ ಗಟ್ಟಿ ಹೌಸಿಂಗಿನ ಆಕ್ಸಲನ್ನೇ ಹಾಕಿತು.

ಬೆಂಗಳೂರಿನ ಪೇಟೆ

ಚಾಮರಾಜಪೇಟೆ 1892ರ ಬಡಾವಣೆ. 1898ರ ಪ್ಲೇಗಿನ ನಂತರ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಪುರಭವನದಿಂದ ಮಿನರ್ವ ವೃತ್ತದವರೆಗಿನ ಜೆ.ಸಿ. ರಸ್ತೆ ಕಾರಿನ ಬಿಡಿಭಾಗಗಳ ಸಾಲುಪೇಟೆಯಾಯಿತು, ಪಕ್ಕದ ಕಲಾಸಿಪಾಳ್ಯ ಬಸ್ಸು ಲಾರಿಗಳ ತಾಣವಾಯಿತು. ಬೇರಿಂಗು, ಆಯಿಲ್ ಸೀಲು, ಪ್ರೊಪೆಲ್ಲರ್ ಶಾಫ್ಟಿನ ಕೀಲಾದ ಕ್ರಾಸು ಇಲ್ಲಿ ಸಿಗುತ್ತಿದ್ದವು. ಹೌಸಿಂಗ್ ಮತ್ತು ಹಳೆಯ ಕ್ರೌನ್ ಪಿನಿಯನ್‌ಗೆ ಗುಜರಿಯೇ ಗತಿ. ಕ್ರೌನು ಪಿನಿಯನ್ನುಗಳನ್ನು ಜೊತೆಯಾಗಿಯೇ ಅರೆದು ಹೊಂದಿಸಿರುತ್ತಾರಾದ್ದರಿಂದ ಎರಡು ಜೋಡಿಗಳನ್ನು ಬೆರೆಸಿದರೆ ಗೂಂಯ್ ಎಂಬ ಸದ್ದು ಶುರುವಾಗುತ್ತದೆ, ಹಲ್ಲುಗಳೂ ಬೇಗ ಸವೆಯುತ್ತವೆ.

ಈ ಕಸುಬಿಗೆ ನೆರವಾದದ್ದು ನಗರದ ಕಾರ್ಖಾನೆಗಳು. 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್, 1951ರಲ್ಲಿ ಮೈಕೋ, 1953ರಲ್ಲಿ ಎಚ್‌ಎಂಟಿ ಸ್ಥಾಪನೆಯಾಗಿ ಟರ್ನರು, ಫಿಟ್ಟರುಗಳ ದೊಡ್ಡ ವರ್ಗವೊಂದು ಬೆಳೆಯಿತು. ಶಾಫ್ಟು ತುಂಡರಿಸಿ ತುದಿಯಲ್ಲಿ ಹೊಸ ಸ್ಪ್ಲೈನು, ಅಂದರೆ ಹಲ್ಲುಗೆರೆ, ಕೊರೆಯುವುದಕ್ಕೂ ಹೌಸಿಂಗ್ ಗಿಡ್ಡ ಮಾಡುವುದಕ್ಕೂ ಬೇಕಾದ ಕೈಚಳಕ ಹೀಗೆ ನಗರದಲ್ಲೇ ಇತ್ತು.

ಕಾಂಟೆಸಾ

ಭಾರತದ ಮಸಲ್ ಕಾರು ಎಂದು ಅಭಿಮಾನಿಗಳು ಕರೆಯುವ ಹಿಂದೂಸ್ತಾನ್ ಕಾಂಟೆಸಾ 1984ರಲ್ಲಿ ಬಂತು. ವಾಕ್ಸಾಲ್ ವಿಕ್ಟರಿನ ಉದ್ದನೆಯ ಮೈ ಇದ್ದರೂ ಮೊದಲಿಗೆ ಒಳಗಿದ್ದದ್ದು ಅಂಬಾಸಿಡರಿನ 1489 ಸಿಸಿ ಎಂಜಿನ್. ಬಲ ಸುಮಾರು 50 ಅಶ್ವಶಕ್ತಿ. ನಂತರದ ಇಸುಜು 1.8 ಲೀಟರ್ ಎಂಜಿನ್ ಅದನ್ನು 88ಕ್ಕೆ ಏರಿಸಿತು. ಉತ್ಪಾದನೆ 2002ರಲ್ಲಿ ನಿಂತ ಮೇಲೆ ಹವ್ಯಾಸಿಗಳು ಇದಕ್ಕೆ ಇನ್ನೂ ದೊಡ್ಡ ಎಂಜಿನ್ ಕೂರಿಸತೊಡಗಿದರು. ಆಕ್ಸಲಿನ ಪ್ರಶ್ನೆ ಎದ್ದದ್ದು ಆಗ. ಅಂಬಾಸಿಡರಿನ ಆಕ್ಸಲ್ ಲೀಫ್ ಸ್ಪ್ರಿಂಗಿನ ಮೇಲೆ ಕೂರುತ್ತದೆ. ಕಾಂಟೆಸಾದಲ್ಲಿರುವುದು ಕಾಯಿಲ್ ಸ್ಪ್ರಿಂಗು, ಆಕ್ಸಲನ್ನು ಜಾಗದಲ್ಲಿ ಹಿಡಿಯಲು ಉದ್ದನೆಯ ತೋಳುಗಳು. ಹಾಗಾಗಿ ಬೇರೆ ಹೌಸಿಂಗ್ ತಂದರೆ ಆ ತೋಳುಗಳ ಬ್ರಾಕೆಟ್ಟುಗಳನ್ನೆಲ್ಲ ಹೊಸದಾಗಿ ವೆಲ್ಡ್ ಮಾಡಬೇಕು. ವೆಲ್ಡಿಂಗ್ ಶಾಖಕ್ಕೆ ಹೌಸಿಂಗ್ ಸೊಟ್ಟಗಾದರೆ ಬೇರಿಂಗು, ಸೀಲುಗಳು ಉಳಿಯುವುದಿಲ್ಲ.

ಆಯ್ಕೆಯ ಅಳತೆಗಳು

ಆಕ್ಸಲನ್ನು ಮುರಿಯುವುದು ಅಶ್ವಶಕ್ತಿಗಿಂತ ಹೆಚ್ಚಾಗಿ, ಮೊದಲನೇ ಗೇರಿನಲ್ಲಿ ಹಲವು ಪಟ್ಟಾಗುವ ತಿರುಗುಬಲ. 140 ನ್ಯೂಟನ್ ಮೀಟರಿನ ಎಂಜಿನ್, ಮೊದಲ ಗೇರು 3.5, ಆಕ್ಸಲ್ ಅನುಪಾತ 4 ಇದ್ದರೆ ಚಕ್ರಗಳಿಗೆ ಒಟ್ಟು 1960 ನ್ಯೂಟನ್ ಮೀಟರ್ ತಲುಪುತ್ತದೆ. 500 ನ್ಯೂಟನ್ ಮೀಟರಿನ ವಿ8ಗೆ 2.5 ಮತ್ತು 3.5 ಇದ್ದರೆ ಅದು 4375. ಟೈರು ನೆಲದ ಮೇಲೆ ಜಾರಿದರೆ ಹೊರೆ ಅಲ್ಲಿಗೇ ನಿಲ್ಲುತ್ತದೆ, ಆದ್ದರಿಂದ ಅಗಲ ಟೈರು ಹಾಕಿದ ಕಾರಿನ ಆಕ್ಸಲಿಗೇ ಅಪಾಯ ಹೆಚ್ಚು. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನ ತೆಳುಗಾಳಿಯಲ್ಲಿ ಟರ್ಬೊ ಇಲ್ಲದ ಎಂಜಿನ್ ಬಲದ ಸುಮಾರು ಹತ್ತನೇ ಒಂದು ಪಾಲು ಕಳೆದುಕೊಳ್ಳುತ್ತದೆ. ಘಟ್ಟ ಇಳಿದು ಕರಾವಳಿ ಸೇರಿದಾಗ ಆ ಬಲ ಮರಳಿ ಬರುವುದರಿಂದ ಲೆಕ್ಕವನ್ನು ಪೂರ್ಣ ಬಲಕ್ಕೇ ಹಾಕಬೇಕು.

ಎರಡನೆಯ ಅಳತೆ ಅಗಲ. ಅಂಬಾಸಿಡರಿನ ಹಿಂದಿನ ಚಕ್ರಗಳ ನಡುವಿನ ಅಂತರ ಸುಮಾರು 1.35 ಮೀಟರ್, ಹಳೆಯ ಜೀಪಿನದು ಸುಮಾರು 1.23. ಜೀಪಿನ ಡಿಫರೆನ್ಶಿಯಲ್ ನಡುವೆ ಇರದೆ ಬಲಕ್ಕೆ ಸರಿದಿದೆ. ಆದ್ದರಿಂದ ಜೀಪಿನ ಆಕ್ಸಲ್ ಗಟ್ಟಿಯಾಗಿದ್ದರೂ ಕಾರಿಗೆ ಸಲೀಸಾಗಿ ಕೂರುವುದಿಲ್ಲ. ಮೂರನೆಯದು ಅನುಪಾತ. ಸ್ಪೀಡೋಮೀಟರ್ ಗೇರ್ ಬಾಕ್ಸಿನಿಂದ ತಿರುಗುವ ಕಾರಿನಲ್ಲಿ 4.875 ತೆಗೆದು 3.9 ಹಾಕಿದರೆ ಮುಳ್ಳು 80 ತೋರಿಸುವಾಗ ಕಾರು 100ರಲ್ಲಿರುತ್ತದೆ. ಕೊನೆಗೆ ಬ್ರೇಕು, ಹ್ಯಾಂಡ್‌ಬ್ರೇಕ್ ಕೇಬಲ್, ಚಕ್ರದ ಬೋಲ್ಟುಗಳ ವೃತ್ತ, ಪಿನಿಯನ್ನಿನ ಓರೆ ಇವೂ ಹೊಂದಬೇಕು. ಓರೆ ತಪ್ಪಿದರೆ ಕ್ರಾಸುಗಳು ನಡುಗಿ ಸವೆಯುತ್ತವೆ.

ಕಾನೂನು ಮತ್ತು ಇಂದಿನ ಸ್ಥಿತಿ

ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ನೋಂದಣಿ ಪತ್ರದ ವಿವರ ತಯಾರಕರ ಮೂಲ ವಿವರಕ್ಕಿಂತ ಭಿನ್ನವಾಗುವಂಥ ಮಾರ್ಪಾಡನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. 2021ರ ನಿಯಮಗಳು 50 ವರ್ಷ ಮೀರಿದ ವಾಹನಗಳಿಗೆ ವಿಂಟೇಜ್ ನೋಂದಣಿ ತಂದವು. ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದೆಂಬುದು ಷರತ್ತು. 1984ರ ಮೊದಲ ಕಾಂಟೆಸಾಗಳು ಆ ವಯಸ್ಸು ಮುಟ್ಟುವುದು 2034ರಲ್ಲಿ. ಮಾರುತಿ 800 ಬಂದ 1983ರ ನಂತರ ಮುಂಚಕ್ರ ಚಾಲನೆಯ ಕಾರುಗಳೇ ಹೆಚ್ಚಿ, ಕ್ರೌನ್ ಪಿನಿಯನ್ ಹೊಂದಿಸುವ ಕಾರು ಮೆಕ್ಯಾನಿಕ್ಕುಗಳಿಗೆ ಕೆಲಸ ಕಡಿಮೆಯಾಯಿತು. ಹಳೆಯ ಕಾರನ್ನು ಮೂಲರೂಪದಲ್ಲಿ ಉಳಿಸಬಯಸುವವರಿಗೆ ಹೌಸಿಂಗ್ ಹಾಗೆಯೇ ಇಟ್ಟು, ಒಳಗೆ ಉತ್ತಮ ಉಕ್ಕಿನ ಶಾಫ್ಟು, ಹೊಸ ಬೇರಿಂಗು, ಸರಿಯಾದ ಗೇರ್ ಆಯಿಲ್ ಹಾಕಿಸುವುದು ಕಾನೂನಿಗೂ ಯಂತ್ರಕ್ಕೂ ಹೆಚ್ಚು ಹೊಂದುವ ದಾರಿ.