ಅಸಲಿ ಜಾಗ್ವಾರ್

ಕ್ಯಾಲಿಫೋರ್ನಿಯಾದ ಸನ್ನಿವೇಲ್‌ಗೆ ಬಂದ ಮೂರನೆಯ ದಿನ ಅಮ್ಮ ಬಾಲ್ಕನಿಯಿಂದ ಕೂಗಿದಳು: "ಬಾರೇ ಇಲ್ಲಿ, ಆ ಕಾರಲ್ಲಿ ಯಾರೂ ಇಲ್ಲ ಕಣೇ!"

ವೇಮೊ ಟ್ಯಾಕ್ಸಿ. ಬಿಳಿ ಮೈ, ನೆತ್ತಿಯ ಮೇಲೆ ಗಿರ್ರನೆ ತಿರುಗುವ ಕರಿ ಟೋಪಿ, ಒಳಗೆ ಸ್ಟಿಯರಿಂಗ್ ತನ್ನಷ್ಟಕ್ಕೆ ತಾನೇ ಹೊರಳುತ್ತಿತ್ತು. ಬೆನ್ನಿಗೆ ಅಂಟಿಸಿದ ಜಿಗಿಯುವ ಪ್ರಾಣಿಯನ್ನು ನೋಡಿ "ಚಿರತೆನಾ?" ಅಂದಳು. ಜಾಗ್ವಾರ್ ಅಮ್ಮ ಅಂದೆ. "ಕುಮಾರಸ್ವಾಮಿ ಮಗನ ಸಿನಿಮಾ ಬಂದಿತ್ತಲ್ಲ, ಅದಾ?"

ಅದೇ. 2016ರ ಆ ಸಿನಿಮಾ, ಮತ್ತು 2008ರಿಂದ ಟಾಟಾ ಅವರದಾಗಿರುವ ಈ ಕಾರು: ಕನ್ನಡಕ್ಕೆ ಜಾಗ್ವಾರ್ ಹೆಚ್ಚಾಗಿ ಬಂದದ್ದು ಇವೆರಡರ ಬೆನ್ನೇರಿ. ಸನ್ನಿವೇಲ್‌ಗೆ ಹೆಸರು ಇನ್ನೂ ಹಳೆಯದು. 1993ರಲ್ಲಿ ಇದೇ ಊರಿನ ಅಟಾರಿ ಕಂಪನಿ ಜಾಗ್ವಾರ್ ಎಂಬ ವಿಡಿಯೊ ಗೇಮ್ ಯಂತ್ರ ತಂದು ಕೈಸುಟ್ಟುಕೊಂಡಿತ್ತು. 2002ರಲ್ಲಿ ಪಕ್ಕದ ಕ್ಯೂಪರ್ಟಿನೊದ ಆಪಲ್, ಮ್ಯಾಕ್‌ನ 10.2 ಆವೃತ್ತಿಗೆ ಅದೇ ಹೆಸರಿಟ್ಟಿತು. ಇಷ್ಟು ಜಾಗ್ವಾರ್‌ಗಳಲ್ಲಿ ಒಂದಕ್ಕೂ ಬಾಲವಿಲ್ಲ.

ಬಾಲವಿದ್ದದ್ದು ಕ್ಯಾಲಿಫೋರ್ನಿಯಾದಲ್ಲೂ ಇತ್ತು. ಅದಕ್ಕೆ ಈ ರಾಜ್ಯದ ಪ್ರಾಣಿಗಳ ಪಟ್ಟಿಯಲ್ಲಿ ಜಾಗ ಕೊಡಬೇಕೇ ಎಂದು ಪ್ರಾಣಿಶಾಸ್ತ್ರಜ್ಞ ಸಿ. ಹಾರ್ಟ್ ಮೆರಿಯಮ್ 1919ರಲ್ಲಿ ಲೇಖನವನ್ನೇ ಬರೆದರು. ಕೊನೆಯದನ್ನು 1860ರ ಸುಮಾರಿಗೆ ಪಾಮ್ ಸ್ಪ್ರಿಂಗ್ಸ್ ಬಳಿ ಕೊಂದರಂತೆ. ಅರಿಜೋನಾದಲ್ಲಿ ಕೊನೆಯ ಹೆಣ್ಣಿಗೆ ಗುಂಡು ಬಿದ್ದದ್ದು 1963ರಲ್ಲಿ. ಆಮೇಲೆ ಮೆಕ್ಸಿಕೊದಿಂದ ಒಂಟಿ ಗಂಡುಗಳು ಗಡಿ ದಾಟಿ ಬಂದು ಹೋಗುತ್ತವೆ. ಅಂಥದ್ದೊಂದಕ್ಕೆ ಟೂಸಾನ್‌ನ ಶಾಲಾಮಕ್ಕಳು ಎಲ್ ಹೆಫೆ, ಅಂದರೆ ಯಜಮಾನ, ಎಂದು ಹೆಸರಿಟ್ಟರು. 2015ರ ನಂತರ ಕಾಣೆಯಾಗಿದ್ದ ಯಜಮಾನರು 2021ರಲ್ಲಿ ಮೆಕ್ಸಿಕೊದ ಸೊನೊರಾದ ಕ್ಯಾಮೆರಾದಲ್ಲಿ ಪ್ರತ್ಯಕ್ಷರಾದರು. ಇಲ್ಲಿಂದ ಅರ್ಜೆಂಟೀನಾದವರೆಗೆ ಹರಡಿದ್ದ ನೆಲೆಯಲ್ಲಿ ಹೆಚ್ಚುಕಡಿಮೆ ಅರ್ಧ ಹೋಗಿದೆ. ಕಾಡು ಕಡಿದು ದನ ಬಿಟ್ಟರು. ದನ ಹಿಡಿಯಿತೆಂದು ಗುಂಡು ಹೊಡೆದರು.

ಹೆಸರಿನ ಕತೆ ಇದಕ್ಕಿಂತ ವಿಚಿತ್ರ. ಬ್ರೆಜಿಲ್‌ನ ತುಪಿ ಜನಕ್ಕೆ ಯಗುವಾರ ಅಂದರೆ ಬೇಟೆಯಾಡಿ ತಿನ್ನುವ ಮೃಗ. ಯುರೋಪಿನವರು ಹಡಗಿನಿಂದ ನಾಯಿಗಳನ್ನು ಇಳಿಸಿದರು. ಕೋರೆಹಲ್ಲಿದೆ, ಬೇಟೆಯಾಡುತ್ತದೆ, ಅದೂ ಯಗುವಾರವೇ ಆಯಿತು. ನಾಯಿ ಮನೆಬಾಗಿಲಲ್ಲಿ, ಮೃಗ ಕಾಡಲ್ಲಿ. ಹೆಸರು ಹತ್ತಿರವಿದ್ದವರ ಪಾಲಾಯಿತು. ಕೊನೆಗೆ ಕಾಡಿನದಕ್ಕೆ "ಎತೆ", ಅಂದರೆ ಅಸಲಿ, ಎಂದು ಬಾಲಂಗೋಚಿ ಕಟ್ಟಬೇಕಾಯಿತು. ಪರಾಗ್ವೆಯ ಗುವಾರಾನಿಯಲ್ಲಿ ಇವತ್ತಿಗೂ ಜಗುವಾ ಅಂದರೆ ನಾಯಿ, ಜಗುವರೆತೆ ಅಂದರೆ ಜಾಗ್ವಾರ್.

ನಗುವ ಹಾಗಿಲ್ಲ. ಕೊಟ್ಟಿಗೆಗೆ ಚಿರತೆ ನುಗ್ಗಿದರೂ ನಮ್ಮ ಹಳ್ಳಿಯಲ್ಲಿ "ಹುಲಿ ಬಂತು" ಅನ್ನುವವರಿದ್ದಾರೆ. ಹಾಗಾಗಿ ಪಟ್ಟೆಯದು ಹೆಬ್ಬುಲಿ. ಹೆಬ್ಬಾವು, ಹೆಮ್ಮರ, ಹೆದ್ದಾರಿಗಳಲ್ಲಿರುವ ಅದೇ ಹಿರಿತನ, ನಮ್ಮ "ಎತೆ". ಆ ಹೆಸರನ್ನೂ 2017ರಲ್ಲಿ ಸುದೀಪ್ ಸಿನಿಮಾಕ್ಕೆ ಕೊಟ್ಟಾಗಿದೆ.

ನನಗೆ ಬೇಸರವಿರುವುದು ಸಿವಂಗಿಯ ಬಗ್ಗೆ. ಬೇಟೆಗೆ ಪಳಗಿಸುತ್ತಿದ್ದ ಚೀತಾಕ್ಕೆ ಹಳಬರ ಮಾತು ಅದು. ಆ ಪ್ರಾಣಿ ಭಾರತದಿಂದ ಅಳಿದಿದೆ ಎಂದು 1952ರಲ್ಲಿ ಸಾರಿದರು. 2022ರಲ್ಲಿ ನಮೀಬಿಯಾದಿಂದ ವಿಮಾನದಲ್ಲಿ ಕುನೊಗೆ ಬಂದಿಳಿದಾಗ ನಮ್ಮ ಪತ್ರಿಕೆಗಳಲ್ಲಿ ನಾನು ಓದಿದ್ದೆಲ್ಲ "ಚೀತಾ". ಊರಿಗೆ ಮರಳಿದವನನ್ನು ಹಳೆಯ ಹೆಸರಿನಿಂದ ಕರೆಯುವವರೇ ಇಲ್ಲದಂತಾಯಿತು. ಅರ್ಜೆಂಟೀನಾದ ಇಬೆರಾ ಜೌಗುನಾಡಿನಲ್ಲಿ ಹೀಗಾಗಲಿಲ್ಲ. ಜಾಗ್ವಾರ್ ಅಲ್ಲಿಂದ ಹೋಗಿ ಎಪ್ಪತ್ತು ವರ್ಷದ ಮೇಲೆ, 2021ರಲ್ಲಿ, ಒಂದು ತಾಯಿಯನ್ನೂ ಎರಡು ಮರಿಗಳನ್ನೂ ಕಾಡಿಗೆ ಬಿಟ್ಟರು. ಪ್ರಾಣಿ ಇಲ್ಲದಿದ್ದರೂ ಯಗುವರೆತೆ ಎಂಬ ಮಾತು ಅಲ್ಲಿಯವರ ಬಾಯಲ್ಲಿ ಉಳಿದಿತ್ತು.

ಇದನ್ನೆಲ್ಲ ಅಮ್ಮನಿಗೆ ರೊಟ್ಟಿ ತಟ್ಟುವಾಗ ಹೇಳಿದ್ದೆ. ಕೇಳಿಸಿಕೊಂಡಳೋ ಇಲ್ಲವೋ ಅಂದುಕೊಂಡೆ. ನಿನ್ನೆ ಸಂಜೆ ವಾಕಿಂಗ್ ಹೊರಟಾಗ ಖಾಲಿ ವೇಮೊ ಒಂದು ಪಕ್ಕಕ್ಕೆ ಬಂದು ನಿಂತಿತು. ಎದುರು ಮನೆಯ ನಾಯಿ ಹಗ್ಗ ಜಗ್ಗಿ ಜಗ್ಗಿ ಬೊಗಳತೊಡಗಿತು.

"ನೋಡೇ," ಅಂದಳು ಅಮ್ಮ, "ಒಂದು ಯಗುವಾರ ಇನ್ನೊಂದನ್ನ ನೋಡಿ ಬೊಗಳ್ತಿದೆ."