ಸೀಟಿನ ಕೆಳಗಿನ ಎಂಟು ಬ್ಯಾಟರಿಗಳು

ನಮ್ಮ ಮನೆಯಲ್ಲಿದ್ದ ರೇವಾ ಕಾರಿನ ಮುಂದಿನ ಸೀಟುಗಳ ಕೆಳಗೆ ಎಂಟು ಬ್ಯಾಟರಿಗಳಿದ್ದುವು. ಒಂದೊಂದೂ 6 ವೋಲ್ಟಿನದು. ಸರಣಿಯಲ್ಲಿ ಜೋಡಿಸಿದರೆ 48 ವೋಲ್ಟ್. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಪಾಠ ಹೇಳಿದ ನಾನು ಈ ಸರಣಿ ಜೋಡಣೆಯ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೆನೋ ಲೆಕ್ಕವಿಲ್ಲ. ಅದೇ ಚಿತ್ರದ ಮೇಲೆ ಕುಳಿತು ಜಯನಗರದಿಂದ ಗಾಂಧಿಬಜಾರಿಗೆ ತರಕಾರಿ ತರಲು ಹೋಗುವ ಯೋಗ ನಿವೃತ್ತಿಯ ನಂತರ ಒದಗಿಬಂದಿತು.

ಆ ಕಾರು ಈಗಿಲ್ಲ. ಅದರ ನೆನಪಾದದ್ದು ಕಳೆದ ತಿಂಗಳು ಮೈಸೂರಿನಿಂದ ಮಗಳ ಫೋನು ಬಂದಾಗ. ನಾಲ್ಕು ವರ್ಷದ ಹಿಂದೆ ಅವಳೂ ವಿದ್ಯುತ್ ಕಾರು ಕೊಂಡಿದ್ದಾಳೆ. "ಅಪ್ಪಾ, ಎರಡು ವಾರ ಊರಲ್ಲಿರಲಿಲ್ಲ. ಈಗ ನೋಡಿದರೆ ಕಾರು ಏಳ್ತಾನೇ ಇಲ್ಲ. ಬಾಗಿಲೂ ತೆಗೆಯೋದಿಲ್ಲ. ಬ್ಯಾಟರಿ ಹೋಯ್ತು ಅಂತ ಕಾಣುತ್ತೆ" ಎಂದಳು. ಧ್ವನಿಯಲ್ಲಿ ಗಾಬರಿಯಿತ್ತು. ಇರದೆ ಏನು? ಇಂಥ ಕಾರಿನ ಅಂಗಗಳಲ್ಲೆಲ್ಲ ಅತ್ಯಂತ ದುಬಾರಿಯಾದುದು ಬ್ಯಾಟರಿ. ಮರುದಿನ ಬೆಳಗಿನ ರೈಲಿಗೆ ಹೊರಟೆ. ಚೀಲದಲ್ಲಿ ಮಲ್ಟಿಮೀಟರಿನ ಜೊತೆಗೆ ನಮ್ಮ ರೇವಾದ ಹಳೆಯ ದಿನಚರಿ ಪುಸ್ತಕವನ್ನೂ ಹಾಕಿಕೊಂಡಿದ್ದೆ. ಯಾಕೆ ಹಾಕಿಕೊಂಡೆನೆಂದು ಮುಂದೆ ಹೇಳುತ್ತೇನೆ.

"ಬ್ಯಾಟರಿ ಎಷ್ಟು ವರ್ಷ ಬರುತ್ತದೆ?" ಎಂಬ ಪ್ರಶ್ನೆ ಇಂದಿನದೆಂದು ನನ್ನ ಕಿರಿಯ ಮಿತ್ರರು ಭಾವಿಸುತ್ತಾರೆ. ಹಾಗೇನಿಲ್ಲ, ಅದಕ್ಕೆ ನೂರಿಪ್ಪತ್ತೈದು ವರ್ಷ ದಾಟಿದೆ. ಫ್ರಾನ್ಸಿನ ಗಾಸ್ತೋಂ ಪ್ಲಾಂತೆ 1859ರಲ್ಲಿ ಸೀಸದ ಎರಡು ತಗಡುಗಳನ್ನು ಸುರುಳಿ ಸುತ್ತಿ, ಗಂಧಕಾಮ್ಲದಲ್ಲಿ ಅದ್ದಿ, ಮತ್ತೆ ಮತ್ತೆ ವಿದ್ಯುತ್ತನ್ನು ತುಂಬಬಹುದಾದ ಮೊದಲ ಕೋಶವನ್ನು ಮಾಡಿದನು. 1881ರಲ್ಲಿ ಅವನ ದೇಶದವನೇ ಆದ ಕಮೀಯ್ ಫೋರ್ ಎಂಬವನು ತಗಡಿಗೆ ಸೀಸದ ಆಕ್ಸೈಡಿನ ಲೇಪ ಹಚ್ಚಿ ಅದರ ಸಾಮರ್ಥ್ಯವನ್ನು ಬಹುವಾಗಿ ಹೆಚ್ಚಿಸಿದನು. ಬಂಡಿಯನ್ನು ಎಳೆಯಬಲ್ಲ ಬ್ಯಾಟರಿ ಸಿದ್ಧವಾಯಿತು. ಆದರೆ ಆ ಲೇಪಕ್ಕೆ ಒಂದು ದುರ್ಗುಣವಿತ್ತು: ಕುಲುಕಿದರೆ ಉದುರುತ್ತಿತ್ತು.

ಕುಲುಕದ ರಸ್ತೆ ಆಗ ಎಲ್ಲಿತ್ತು? 1897ರ ಆಗಸ್ಟಿನಲ್ಲಿ ವಾಲ್ಟರ್ ಬರ್ಸಿ ಎಂಬ ತರುಣ ಲಂಡನ್ನಿನ ಬೀದಿಗಳಲ್ಲಿ ವಿದ್ಯುತ್ ಬಾಡಿಗೆ ಗಾಡಿಗಳನ್ನು ಓಡಿಸತೊಡಗಿದನು. ಅವುಗಳ ಗುಂಯ್ಗುಟ್ಟುವಿಕೆಯನ್ನು ಕೇಳಿ ಜನರು ಝೇಂಕಾರದ ಹಕ್ಕಿಯ ಹೆಸರನ್ನೇ ಇಟ್ಟರು. ಎರಡೇ ವರ್ಷ. ಗಾಡಿಯ ಭಾರಕ್ಕೆ ಟೈರುಗಳು ಸವೆದುವು, ಕುಲುಕಾಟಕ್ಕೆ ಬ್ಯಾಟರಿಗಳು ಹಾಳಾದುವು. 1899ಕ್ಕೆ ಎಲ್ಲ ಮುಗಿಯಿತು.

ನ್ಯೂಯಾರ್ಕಿನ ಕಥೆ ಇದಕ್ಕಿಂತ ಸ್ವಾರಸ್ಯವಾದುದು. ಅಲ್ಲಿಯೂ 1897ರಲ್ಲಿಯೇ ವಿದ್ಯುತ್ ಬಾಡಿಗೆ ಗಾಡಿಗಳು ಆರಂಭವಾದುವು. ಗಾಡಿ ನಿಲ್ದಾಣಕ್ಕೆ ಬಂದೊಡನೆ ಬರಿದಾದ ಬ್ಯಾಟರಿಯ ಪೆಟ್ಟಿಗೆಯನ್ನು ಇಡಿಯಾಗಿ ಹೊರಕ್ಕೆಳೆದು, ಕ್ರೇನಿನಿಂದ ಎತ್ತಿ, ತುಂಬಿದ ಪೆಟ್ಟಿಗೆಯನ್ನು ಕೆಲವೇ ನಿಮಿಷಗಳಲ್ಲಿ ಕೂರಿಸುತ್ತಿದ್ದರು. ಇಂದು ನಮ್ಮಲ್ಲಿ ವಿದ್ಯುತ್ ಆಟೋಗಳಿಗೆ ಬ್ಯಾಟರಿ ಬದಲಾಯಿಸಿಕೊಡುವ ಅಂಗಡಿಗಳನ್ನು ಹೊಸ ಆವಿಷ್ಕಾರವೆಂದು ಕೊಂಡಾಡುವುದನ್ನು ಕಂಡಾಗ ನನಗೆ ಆ ಕ್ರೇನು ನೆನಪಾಗುತ್ತದೆ. ಬ್ಯಾಟರಿಗಳೆಲ್ಲ ಒಂದೇ ಸೂರಿನ ಕೆಳಗೆ, ಬಲ್ಲವರ ಕಣ್ಣಮುಂದೆ ಇರುವಷ್ಟು ಕಾಲ ವ್ಯವಸ್ಥೆ ನಡೆಯಿತು. ಎಲೆಕ್ಟ್ರಿಕ್ ವೆಹಿಕಲ್ ಕಂಪನಿ ಅದನ್ನು ವಹಿಸಿಕೊಂಡು ಊರಿಂದೂರಿಗೆ ಅವಸರದಲ್ಲಿ ಹಬ್ಬಿಸಿದಾಗ ಸಾವಿರಾರು ಗಾಡಿಗಳಿಗೆ ಆಜ್ಞೆ ಹೊರಟಿತು, ಅವನ್ನು ನೋಡಿಕೊಳ್ಳಬಲ್ಲ ಕೈಗಳು ಮಾತ್ರ ಸಿಗಲಿಲ್ಲ. ಕಂಪನಿ 1907ರಲ್ಲಿ ದಿವಾಳಿಯೆದ್ದಿತು. ಅದಕ್ಕೆ ಬೇರೆ ಕಾರಣಗಳೂ ಇದ್ದುವೆನ್ನಿ. ಆದರೆ ಪಳಗದ ಕೈಗಳಲ್ಲಿ ಸತ್ತ ಬ್ಯಾಟರಿಗಳ ಪಾಲು ಸಣ್ಣದಲ್ಲ.

ಅದೇ ದೇಶದ ಹಾರ್ಟ್‌ಫರ್ಡ್ ಎಂಬ ಊರಿನ ವಿದ್ಯುತ್ ಕಂಪನಿ ಇದಕ್ಕೆ ತದ್ವಿರುದ್ಧವಾದ ದಾರಿ ಹಿಡಿಯಿತು. ಅಲ್ಲಿ ವರ್ತಕನು ಲಾರಿಯನ್ನು ಬ್ಯಾಟರಿಯಿಲ್ಲದೆ ಕೊಳ್ಳುತ್ತಿದ್ದನು. ಬ್ಯಾಟರಿ ವಿದ್ಯುತ್ ಕಂಪನಿಯ ಸ್ವತ್ತು. ತುಂಬುವುದು, ತೊಳೆಯುವುದು, ಸತ್ತರೆ ಹೊಸದನ್ನು ಹಾಕುವುದು ಎಲ್ಲ ಅವರ ಹೊಣೆ. ಲಾರಿಯವನು ತಿಂಗಳ ಶುಲ್ಕವನ್ನೂ ಓಡಿಸಿದ ಮೈಲಿಗೆ ಇಷ್ಟೆಂದೂ ಕೊಟ್ಟರಾಯಿತು. 1910ರ ಹೊತ್ತಿಗೆ ತೊಡಗಿದ ಈ ಪದ್ಧತಿ 1924ರವರೆಗೆ ನಡೆಯಿತು. ಇಂಗ್ಲೆಂಡಿನ ಹಾಲಿನ ಗಾಡಿಗಳದ್ದೂ ಇದೇ ಕಥೆ. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಸಹಸ್ರಾರು ಗಾಡಿಗಳು ಅದೇ ಸೀಸದ ಬ್ಯಾಟರಿಯಿಂದಲೇ ದಶಕಗಟ್ಟಲೆ ಮನೆಮನೆಗೆ ಹಾಲು ಹಂಚಿದುವು. ದಿನವೂ ಅದೇ ದಾರಿ, ಸಂಜೆಗೆ ಅದೇ ಡಿಪೋ, ನೋಡಿಕೊಳ್ಳಲು ಅದೇ ಮನುಷ್ಯ. ಬ್ಯಾಟರಿ ಎಷ್ಟು ವರ್ಷ ಬರುತ್ತದೆ ಎಂಬುದಕ್ಕಿಂತ ಅದು ಯಾರ ಕೈಯಲ್ಲಿದೆ ಎಂದು ಕೇಳುವುದೇ ಸರಿಯೆಂದು ನನಗೆ ತೋರಿದ್ದು ಇಂಥ ಸಂಗತಿಗಳನ್ನು ಓದಿದ ಮೇಲೆ. ಸುಳ್ಳೇಕೆ, ಓದುವ ಮೊದಲೇ ಪೆಟ್ಟು ತಿಂದು ಕಲಿತಿದ್ದೆ.

ರೇವಾ ನಮ್ಮ ಬೆಂಗಳೂರಿನ ಕೂಸು. ಮೈನಿ ಸಮೂಹವು ಕ್ಯಾಲಿಫೋರ್ನಿಯದ ಅಮೆರಿಗಾನ್ ಸಂಸ್ಥೆಯೊಡನೆ ಸೇರಿ 1994ರಲ್ಲಿ ಕಂಪನಿಯನ್ನು ಸ್ಥಾಪಿಸಿತು. ಕಾರು ಮಾರುಕಟ್ಟೆಗೆ ಬಂದದ್ದು 2001ರಲ್ಲಿ. ಅದರ ರೂವಾರಿ ಚೇತನ್ ಮೈನಿ 1990ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಸೌರಕಾರಿನ ತಂಡದಲ್ಲಿದ್ದವರು. ಕಾರಿಗೆ ತಮ್ಮ ತಾಯಿಯ ಹೆಸರನ್ನಿಟ್ಟರು. ರೇವಾ ಎಂದರೆ ನರ್ಮದೆಯೂ ಹೌದು. ಒಮ್ಮೆ ತುಂಬಿದರೆ ಎಂಬತ್ತು ಕಿಲೋಮೀಟರು ಎಂದು ಹೇಳುತ್ತಿದ್ದರು. ನನ್ನ ಪತ್ನಿಗೆ ಮೊಣಕಾಲಿನ ನೋವು, ಬಸ್ಸು ಹತ್ತಲಾರಳು. 2003ರಲ್ಲಿ ಪಿಂಚಣಿಯ ಇಡಿಗಂಟಿನ ಒಂದು ಭಾಗವನ್ನು ತೆಗೆದು ಕೊಂಡೆ.

ಕೊಂಡ ದಿನದಿಂದಲೇ ದಿನಚರಿ ಪುಸ್ತಕ ಇಟ್ಟೆ. ಎಷ್ಟು ಓಡಿತು, ಎಷ್ಟು ಗಂಟೆ ಚಾರ್ಜ್ ಮಾಡಿದೆ, ಯಾವ ಕೋಶಕ್ಕೆ ಎಷ್ಟು ಭಟ್ಟಿ ಇಳಿಸಿದ ನೀರು ಹಾಕಿಸಿದೆ ಎಂದು. ಸೀಸದ ಬ್ಯಾಟರಿಯನ್ನು ತುಂಬುವಾಗ ಅದರೊಳಗಿನ ನೀರಿನಲ್ಲಿ ಸ್ವಲ್ಪ ಭಾಗ ಜಲಜನಕ, ಆಮ್ಲಜನಕಗಳಾಗಿ ಒಡೆದು ಹೋಗುತ್ತದೆ. ನೀರು ಇಳಿದು ಫಲಕ ಗಾಳಿಗೆ ತೆರೆದುಕೊಂಡರೆ ಕೆಟ್ಟಿತು. ಆಮ್ಲದ ಸಾಪೇಕ್ಷ ಸಾಂದ್ರತೆಯನ್ನು ಹೈಡ್ರೋಮೀಟರಿನಿಂದ ನೋಡುತ್ತಿದ್ದೆ, ತುಂಬಿದಾಗ 1.28ರ ಆಸುಪಾಸು ಇರಬೇಕು. ಶಾಲೆಯ ಪ್ರಯೋಗಾಲಯದ ಅಭ್ಯಾಸ. ನಿವೃತ್ತನಾದರೂ ಬಿಡಲಿಲ್ಲ.

ಅಷ್ಟು ತಿಳಿದವನೇ ತಪ್ಪು ಮಾಡಿದೆ. 2006ರ ಏಪ್ರಿಲಿನಲ್ಲಿ ಮೊಮ್ಮಗನ ಜನನಕ್ಕೆಂದು ಅಮೆರಿಕೆಯಲ್ಲಿರುವ ಮಗನ ಮನೆಗೆ ಇಬ್ಬರೂ ಹೊರಟೆವು. ಮುಂಗಾರಿಗೆ ಮೊದಲ ಗುಡುಗುಮಳೆಯ ಕಾಲ. ಸಿಡಿಲು ಬಡಿದರೆ ಚಾರ್ಜರ್ ಸುಟ್ಟೀತೆಂಬ ಭಯಕ್ಕೆ ಪ್ಲಗ್ಗನ್ನು ಕಿತ್ತಿಟ್ಟೆ. ಬ್ಯಾಟರಿ ಆಗಲೇ ಮುಕ್ಕಾಲು ಬರಿದಾಗಿತ್ತು. ಮೂರು ತಿಂಗಳು! ಸೀಸದ ಬ್ಯಾಟರಿ ಬರಿದಾದ ಸ್ಥಿತಿಯಲ್ಲಿ ಕುಳಿತರೆ ಫಲಕಗಳ ಮೇಲಿನ ಸೀಸದ ಸಲ್ಫೇಟು ಗಟ್ಟಿ ಹರಳಾಗುತ್ತದೆ. ಆಮೇಲೆ ಎಷ್ಟು ವಿದ್ಯುತ್ತು ಹರಿಸಿದರೂ ಅದು ಮತ್ತೆ ಕರಗದು. ಹಿಂತಿರುಗಿ ಬಂದು ಅಳೆದರೆ, 6 ವೋಲ್ಟ್ ಇರಬೇಕಾದಲ್ಲಿ ಮೂರು ಬ್ಯಾಟರಿಗಳು 4 ಅನ್ನೂ ಮುಟ್ಟಲಿಲ್ಲ. "ಹಸುವನ್ನ ಕೊಟ್ಟಿಗೇಲಿ ಕಟ್ಟಿ, ಹುಲ್ಲು ಹಾಕದೆ ಊರಿಗೆ ಹೋದ ಹಾಗಾಯ್ತಲ್ಲ ರೀ" ಎಂದಳು ನನ್ನವಳು. ಎಂಟನ್ನೂ ಬದಲಾಯಿಸಬೇಕಾಯಿತು. ಹಣ ಹೊಂದಿಸಲು ಐದು ತಿಂಗಳು ಹಿಡಿಯಿತು. ಅಲ್ಲಿಯವರೆಗೆ ಅವಳು ಮೊಣಕಾಲು ಹಿಡಿದುಕೊಂಡು ಆಟೋ ಹತ್ತಿ ಇಳಿದಳು. ದಿನಚರಿಯಲ್ಲಿ ಆ ತಿಂಗಳುಗಳ ಪುಟಗಳು ಖಾಲಿ. ಅದರ ಮುಂದಿನ ಪುಟದಿಂದ ಕೊನೆಯವರೆಗೆ ಇರುವುದು ಅವಳ ಅಕ್ಷರ. ಹೊಣೆಯನ್ನು ಸದ್ದಿಲ್ಲದೆ ತನ್ನ ಕೈಗೆ ತೆಗೆದುಕೊಂಡಿದ್ದಳು. ಎರಡನೆಯ ಜೊತೆ ಬ್ಯಾಟರಿಗಳು ಮೊದಲಿನವುಗಳಿಗಿಂತ ಹೆಚ್ಚು ಕಾಲ ಬಾಳಿದುವು ಎಂಬುದನ್ನು ಸಂಕೋಚದಿಂದಲೇ ದಾಖಲಿಸುತ್ತೇನೆ.

ಇಂಥ ಅಜಾಗರೂಕರನ್ನು ಮನಸ್ಸಿನಲ್ಲಿಟ್ಟುಕೊಂಡೋ ಏನೋ, ಎಡಿಸನ್ ನಿಕ್ಕಲ್ ಮತ್ತು ಕಬ್ಬಿಣದ ಬ್ಯಾಟರಿಗಾಗಿ ಹತ್ತು ವರ್ಷ ಹೆಣಗಿದನು. ಮೊದಲು ಮಾರಿದವು ಸೋರಿದುವು, ಶಕ್ತಿಗುಂದಿದುವು. ಮಾರಾಟ ನಿಲ್ಲಿಸಿ ಮತ್ತೆ ಕೆಲಸಕ್ಕೆ ಕುಳಿತು 1909ರಲ್ಲಿ ತಿದ್ದಿದ ಬ್ಯಾಟರಿಯನ್ನು ತಂದನು. ಅದು ಬರಿದಾಗಿ ತಿಂಗಳುಗಟ್ಟಲೆ ಕುಳಿತರೂ ಕೆಡದು. ಅದರ ಕ್ಷಾರದ್ರಾವಣಕ್ಕೆ ಅವನು ಲಿಥಿಯಮ್ಮಿನ ಹೈಡ್ರಾಕ್ಸೈಡನ್ನು ಬೆರೆಸಿದ್ದನೆಂಬುದು ಇಂದು ಓದುವಾಗ ರೋಮಾಂಚನವಾಗುತ್ತದೆ. ಆದರೆ ಬೆಲೆ ಹೆಚ್ಚು, ಚಳಿಗೆ ಸೋಲುವ ಸ್ವಭಾವ. ಅಷ್ಟರಲ್ಲಿ 1912ರ ಕ್ಯಾಡಿಲಾಕ್ ಕಾರಿನಲ್ಲಿ ಚಾರ್ಲ್ಸ್ ಕೆಟರಿಂಗನ ವಿದ್ಯುತ್ ಸ್ಟಾರ್ಟರ್ ಬಂದಿತು. ಕೈಯಿಂದ ತಿರುಪುವ ಕಷ್ಟ ತಪ್ಪಿದ್ದೇ ತಡ, ಜನರು ಪೆಟ್ರೋಲಿನತ್ತ ಹೊರಳಿದರು. ಪೆಟ್ರೋಲ್ ಕಾರನ್ನು ಗೆಲ್ಲಿಸಿದ್ದೂ ಒಂದು ಸಣ್ಣ ಸೀಸದ ಬ್ಯಾಟರಿಯೇ!

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ನಮ್ಮ ರೇವಾ 2004ರಿಂದ ಜಿ-ವಿಜ್ ಎಂಬ ಹೆಸರಿನಲ್ಲಿ ಲಂಡನ್ನಿನಲ್ಲಿ, ಬರ್ಸಿಯ ಗಾಡಿಗಳು ಸೋತ ಬೀದಿಗಳಲ್ಲೇ, ಓಡಿತು. 2009ರಲ್ಲಿ ಅದಕ್ಕೆ ಲಿಥಿಯಂ ಬ್ಯಾಟರಿ ಬಂದಿತು. 2010ರಲ್ಲಿ ಕಂಪನಿ ಮಹೀಂದ್ರದವರ ಕೈಸೇರಿತು. ಲಿಥಿಯಂ ಅಯಾನ್ ಬ್ಯಾಟರಿಗೆ ನೀರು ಹಾಕುವ ಕೆಲಸವಿಲ್ಲ. ಅದರ ವೈರಿಗಳೇ ಬೇರೆ. ಸೀಸಕ್ಕೆ ಬರಿದಾಗಿ ಕೂರುವುದು ವಿಷವಾದರೆ, ಲಿಥಿಯಮ್ಮಿಗೆ ತುಂಬಿ ತುಳುಕಿ ಬಿಸಿಲಲ್ಲಿ ಕೂರುವುದೂ ಆಗದು. 2010ರ ಕೊನೆಯಲ್ಲಿ ಬಂದ ನಿಸಾನ್ ಲೀಫ್ ಕಾರಿನ ಬ್ಯಾಟರಿಗೆ ದ್ರವದಿಂದ ತಂಪು ಮಾಡುವ ಏರ್ಪಾಡು ಇರಲಿಲ್ಲ. 2012ರ ಹೊತ್ತಿಗೆ ಅಮೆರಿಕೆಯ ಅರಿಜೋನದ ಸುಡುಬಿಸಿಲಿನಲ್ಲಿ ಅವುಗಳ ಸಾಮರ್ಥ್ಯ ಕುಗ್ಗಿತೆಂದು ದೊಡ್ಡ ಗಲಾಟೆಯಾಯಿತು. ಕಂಪನಿ ಮರುವರ್ಷ ಸಾಮರ್ಥ್ಯಕ್ಕೂ ಖಾತರಿ ಕೊಟ್ಟಿತು. ಈಗಿನ ಕಾರುಗಳಲ್ಲಿ ಪ್ರತಿ ಕೋಶದ ವೋಲ್ಟೇಜನ್ನೂ ಉಷ್ಣತೆಯನ್ನೂ ಒಂದು ಪುಟ್ಟ ಗಣಕ ಸದಾ ಕಾಯುತ್ತಿರುತ್ತದೆ. ನನ್ನವಳ ಕೆಲಸವನ್ನು ಈಗ ಅದು ಮಾಡುತ್ತಿದೆ ಎಂದುಕೊಂಡಿದ್ದೆ.

ಮೈಸೂರಿನಲ್ಲಿ ಮಗಳು ಯಾಂತ್ರಿಕ ಕೀಲಿಯಿಂದ ಬಾಗಿಲು ತೆರೆದಳು. ಪರದೆಯಲ್ಲಿ ಬೆಳಕಿಲ್ಲ. ಬಾನೆಟ್ ಎತ್ತಿದೆ. ಮೂಲೆಯಲ್ಲಿ ಪರಿಚಿತ ಮುಖವೊಂದು ಕಂಡಿತು: 12 ವೋಲ್ಟಿನ ಸಣ್ಣ ಸೀಸದ ಬ್ಯಾಟರಿ. ಇಂದಿನ ಬಹುಪಾಲು ವಿದ್ಯುತ್ ಕಾರುಗಳಲ್ಲಿ ಗಣಕಕ್ಕೂ ದೀಪಕ್ಕೂ ಬಾಗಿಲಿನ ಬೀಗಕ್ಕೂ ವಿದ್ಯುತ್ತು ಬರುವುದು ಇದರಿಂದ. ದೊಡ್ಡ ಬ್ಯಾಟರಿಯ ಸ್ವಿಚ್ಚನ್ನು ಒತ್ತುವ ಬೆರಳೂ ಇದೇ. ಇದು ಮಲಗಿದರೆ ಆ ದೊಡ್ಡಣ್ಣ ಎಷ್ಟು ತುಂಬಿದ್ದರೂ ಎಚ್ಚರಗೊಳ್ಳಲಾರ. ಮಲ್ಟಿಮೀಟರ್ 9.8 ತೋರಿಸಿತು. ಅಳಿಯ ಹೊಸದಾಗಿ ಹಾಕಿಸಿದ್ದ ಕ್ಯಾಮೆರಾ ಕಾರು ನಿಂತಾಗಲೂ ಎರಡು ವಾರ ಅದನ್ನು ಹೀರಿತ್ತು.

ಪಕ್ಕದ ಮನೆಯವರ ಪೆಟ್ರೋಲ್ ಕಾರಿನ ಬ್ಯಾಟರಿಗೆ ತಂತಿ ಜೋಡಿಸಿದೆವು. ಪರದೆ ಬೆಳಗಿತು. ದೊಡ್ಡ ಬ್ಯಾಟರಿಯಲ್ಲಿ ನೂರಕ್ಕೆ 61 ಉಳಿದಿತ್ತು. ಮಗಳು ನಿಟ್ಟುಸಿರು ಬಿಟ್ಟು ಕಾಫಿ ಮಾಡಲು ಒಳಗೆ ಹೋದಳು. ನಾನು ದಿನಚರಿಯನ್ನು ತೆರೆದು, ಕೊನೆಯ ಬರಹದ ಕೆಳಗೆ ದಿನಾಂಕ ಹಾಕಿ 9.8 ಎಂದು ಬರೆದುಕೊಂಡೆ. ಸಂಜೆ ಬೆಂಗಳೂರಿಗೆ ಫೋನು ಮಾಡಿ ವಿಷಯ ತಿಳಿಸಿದಾಗ ಅವಳು ಕೇಳಿದ್ದು ಒಂದೇ ಮಾತು: "ನೀರು ನೋಡಿದ್ರಾ?"

ನೋಡಲು ಮುಚ್ಚಳವೇ ಇಲ್ಲವೆಂದೆ. ನಂಬಿದಳೋ ಇಲ್ಲವೋ ತಿಳಿಯದು.