ಸ್ಯಾಟಲೈಟ್ ಬಡಾವಣೆಯೂ ಕಂಪನದ ಗುಣಾಕಾರವೂ

ಅಹಮದಾಬಾದಿನ ನಮ್ಮವರಿಗೆ ‘ಸ್ಯಾಟಲೈಟ್’ ಎಂದರೆ ಮನೆ, ಅಂಗಡಿ, ಬಸ್ಸಿನ ನಿಲ್ದಾಣ. ಬಡಾವಣೆಗೆ ಈ ಹೆಸರು ಅಂಟಿದ್ದು ಜೋಧಪುರ ಟೇಕ್ರಾದ ಬಾಹ್ಯಾಕಾಶ ಕೇಂದ್ರದಿಂದ. ವಿಕ್ರಮ್ ಸಾರಾಭಾಯಿಯವರ ಮುಂದಾಳತ್ವದಲ್ಲಿ 1967ರಲ್ಲಿ ಈ ಊರಿನಲ್ಲಿ ಉಪಗ್ರಹ ಸಂಪರ್ಕದ ಪ್ರಾಯೋಗಿಕ ಭೂಕೇಂದ್ರ ಸ್ಥಾಪನೆಯಾಯಿತು. ಉಡುಪಿ ಸೀಮೆಯ ಅದಮಾರಿನ ಯು. ಆರ್. ರಾವ್ ಅವರು ಸಾರಾಭಾಯಿಯವರ ಶಿಷ್ಯರಾಗಿ ಇಲ್ಲಿನ ಭೌತ ಸಂಶೋಧನಾಲಯದಲ್ಲಿ ದುಡಿದವರು.

ಕನ್ನಡಿಗರು ಈ ಕೇಂದ್ರವನ್ನು ನೆನೆಯಲು ಇನ್ನೊಂದು ಕಾರಣವುಂಟು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಮೆರಿಕದ ಏಟಿಎಸ್-6 ಉಪಗ್ರಹದ ಮೂಲಕ ‘ಸೈಟ್’ ಪ್ರಯೋಗ ನಡೆಯಿತು. ಆರು ರಾಜ್ಯಗಳ 2400 ಹಳ್ಳಿಗಳು ಟೆಲಿವಿಷನ್ ಕಂಡವು. ಅವುಗಳಲ್ಲಿ ಅಂದಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಇದ್ದವು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ! ಅಹಮದಾಬಾದಿನಿಂದ ಸುಮಾರು 6000 ಮೆಗಾಹರ್ಟ್ಸ್ ಅಲೆಯೇರಿ ಹೋದ ಕನ್ನಡ, 36,000 ಕಿಲೋಮೀಟರ್ ಎತ್ತರದಿಂದ 860 ಮೆಗಾಹರ್ಟ್ಸ್ ಅಲೆಯಾಗಿ ಹಳ್ಳಿಯ ತಂತಿಬಲೆಯ ಆಂಟೆನಾಕ್ಕೆ ಇಳಿಯುತ್ತಿತ್ತು.

6000 ಮೆಗಾಹರ್ಟ್ಸ್ ಎಂದರೆ ಸೆಕೆಂಡಿಗೆ 600 ಕೋಟಿ ಕಂಪನ. ಸ್ಥಿರವಾಗಿ ಕಂಪಿಸಲು ಸ್ಫಟಿಕದ ಬಿಲ್ಲೆಯೇ ಗತಿ. ಆದರೆ ವೇಗ ಹೆಚ್ಚಬೇಕಾದರೆ ಬಿಲ್ಲೆ ತೆಳುವಾಗಬೇಕು. ಅತಿ ತೆಳುವಾದರೆ ಒಡೆಯುತ್ತದೆ. ಹಾಗಾದರೆ ಅಷ್ಟು ವೇಗ ಬರುವುದು ಹೇಗೆ? ಆ ಕಾಲದ ಮೈಕ್ರೋವೇವ್ ಯಂತ್ರಗಳಲ್ಲಿ ಇದಕ್ಕೆ ರೂಢಿಯಲ್ಲಿದ್ದ ಉಪಾಯ ಗುಣಾಕಾರ.

ನಮ್ಮ ತಂಬೂರಿಯನ್ನೇ ನೋಡಿ. ಮಂದ್ರ ಷಡ್ಜದ ತಂತಿ ಮೀಟಿದರೆ, ಮೀಟದೆ ಇದ್ದ ಗಾಂಧಾರವೂ ಕಿವಿಗೆ ಬೀಳುತ್ತದೆ. ಅದು ಮೂಲ ಕಂಪನದ ಐದುಪಟ್ಟು. ಶುದ್ಧ ವಿದ್ಯುತ್ ಅಲೆಯಲ್ಲಿ ಇಂಥ ಅನುಸ್ವರಗಳಿಲ್ಲ. ಆದರೆ ಟ್ರಾನ್ಸಿಸ್ಟರ್ ಅಥವಾ ವ್ಯಾರಾಕ್ಟರ್ ಡಯೋಡ್ ಅದರ ಆಕಾರವನ್ನು ಕೆಡಿಸಿದೊಡನೆ ಎರಡು, ಮೂರು, ಐದುಪಟ್ಟಿನ ಅನುಸ್ವರಗಳು ಹುಟ್ಟುತ್ತವೆ. ಸುರುಳಿ ಮತ್ತು ಕೆಪಾಸಿಟರಿನ ಜೋಡಿಯನ್ನು ಬೇಕಾದ ಸ್ವರಕ್ಕೆ ಶ್ರುತಿ ಮಾಡಿದರೆ ಅದೊಂದೇ ಉಳಿಯುತ್ತದೆ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಬಹುದು. ಉದಾಹರಣೆಗೆ, 100 ಮೆಗಾಹರ್ಟ್ಸನ್ನು 2, 2, 3, 5ರಿಂದ ಸಾಲಾಗಿ ಗುಣಿಸಿದರೆ 6000.

ಆದರೆ ಗುಣಾಕಾರಕ್ಕೆ ಸರಿತಪ್ಪುಗಳ ಭೇದವಿಲ್ಲ. ಮೂಲದಲ್ಲಿ 1 ಹರ್ಟ್ಸ್ ಜಾರಿದರೆ ಕೊನೆಯಲ್ಲಿ 60 ಹರ್ಟ್ಸ್ ಜಾರುತ್ತದೆ. ಪ್ರತಿ ಇಮ್ಮಡಿಗೂ ಕಂಪನದ ತಡವರಿಕೆ 6 ಡೆಸಿಬೆಲ್ ಏರುತ್ತದೆ. ಆದ್ದರಿಂದಲೇ ಸ್ಫಟಿಕವನ್ನು ಹದವಾದ ಶಾಖದ ಪೆಟ್ಟಿಗೆಯಲ್ಲಿಟ್ಟು ಕಾಯುತ್ತಾರೆ. ಮೊದಲ ಮೆಟ್ಟಿಲು ಕೆಟ್ಟರೆ ಮೇಲಿನವು ಅದನ್ನು ತಿದ್ದಲಾರವು.

ಒಂದು ವರ್ಷವಾದ ಮೇಲೆ ಉಪಗ್ರಹ ಹಿಂದಕ್ಕೆ ಹೋಯಿತು. ಬಾನಿನಿಂದ ಬರುತ್ತಿದ್ದ ಕನ್ನಡ ನಿಂತಿತು. 1977ರಲ್ಲಿ ಗುಲ್ಬರ್ಗದಲ್ಲಿ ನೆಲದ ಪ್ರಸಾರ ಕೇಂದ್ರ ಬಂತಾದರೂ ಅದರ ಅಲೆ ಮುಟ್ಟದ ಹಳ್ಳಿಗಳು ಮತ್ತೆ ಕಾಯಬೇಕಾಯಿತು. ನಾವು ಪರಊರೆಂದುಕೊಳ್ಳುವ ಈ ನೆಲದಿಂದ ನಮ್ಮ ಹಳ್ಳಿಗಳಿಗೆ ಒಂದು ವರ್ಷ ಕನ್ನಡ ಹೋಗಿತ್ತೆಂಬುದನ್ನು ಇಲ್ಲಿ ಬೆಳೆಯುವ ನಮ್ಮ ಮಕ್ಕಳೂ ತಿಳಿದಿರಲಿ.